ಗಾಲಿಯ ಬಳೆ

ಮೋಟಾರ್ ಸೈಕಲ್ಲಿನ ಟೈರನ್ನು ಮನೆಯಂಗಳದಲ್ಲಿ ಬಿಚ್ಚುವವರನ್ನು ನೋಡಿದರೆ ಅದು ಕೇವಲ ತೋಳ್ಬಲದ ಕೆಲಸವೆಂದು ತೋರುತ್ತದೆ. ಮೊಣಕಾಲೂರಿ, ಬೆವರು ಸುರಿಸಿ, ರಬ್ಬರಿನೊಡನೆ ಕುಸ್ತಿ ಹಿಡಿಯುವವರೇ ಹೆಚ್ಚು. ಪಂಕ್ಚರ್ ಅಂಗಡಿಯ ಬಡಕಲು ಮುದುಕನಾದರೋ ಗಿರಾಕಿಯೊಡನೆ ಮಾತನಾಡುತ್ತಲೇ ಅಂತಹುದೇ ಟೈರನ್ನು ಕಳಚಿ ಬದಿಗಿಡುತ್ತಾನೆ. ಅವನಿಗೆ ಗಾಲಿಯ ಮರ್ಮ ತಿಳಿದಿದೆ.

ಗಾಳಿ ತುಂಬಿದ ಟೈರಿಗೆ ಸ್ಕಾಟ್ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲಿಯೇ ಹಕ್ಕುಪತ್ರ ಪಡೆದಿದ್ದನು. ಜನ ಅದನ್ನು ಮರೆತರು. 1888ರಲ್ಲಿ ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್ ತನ್ನ ಮಗನ ಮೂರುಗಾಲಿಯ ಸೈಕಲ್ಲಿಗಾಗಿ ಅದನ್ನು ಮತ್ತೆ ರೂಪಿಸಿದನು. ಆ ಮೊದಲ ಟೈರುಗಳು ಗಾಲಿಗೆ ಅಂಟಿಕೊಂಡೇ ಇರುತ್ತಿದ್ದವು. ಒಂದು ಮುಳ್ಳು ಚುಚ್ಚಿದರೂ ಬಿಚ್ಚುವುದು ದೊಡ್ಡ ಫಜೀತಿ. ಟೈರಿನ ಎರಡೂ ಅಂಚುಗಳೊಳಗೆ ತಂತಿಯ ಬಳೆಯನ್ನು ಹುದುಗಿಸುವ ಉಪಾಯಕ್ಕೆ 1890ರಲ್ಲಿ ವೆಲ್ಷ್ ಎಂಬ ಆಂಗ್ಲನು ಹಕ್ಕುಪತ್ರ ಪಡೆದ ಮೇಲೆ ಈ ಕಷ್ಟ ತಪ್ಪಿತು.

ರಬ್ಬರು ಹಿಗ್ಗುತ್ತದೆ, ತಂತಿ ಹಿಗ್ಗದು. ಗಾಲಿಯ ಹೊರ ಅಂಚಾದರೋ ಆ ಬಳೆಗಿಂತ ದೊಡ್ಡದು. ಹಾಗಿದ್ದಲ್ಲಿ ಚಿಕ್ಕದು ದೊಡ್ಡದನ್ನು ದಾಟುವುದೆಂತು? ಜಾತ್ರೆಯಲ್ಲಿ ಬಳೆಗಾರನ ಕೈಚಳಕವನ್ನು ನೀವು ನೋಡಿರಬಹುದು. ಗಾಜಿನ ಬಳೆಯೂ ಹಿಗ್ಗುವುದಿಲ್ಲ. ಅವನು ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಕೈಯನ್ನು ಕಿರಿದಾಗಿಸಿ ಬಳೆಯನ್ನು ಜಾರಿಸುತ್ತಾನೆ. ಗಾಲಿಗೆ ಹೆಬ್ಬೆರಳಿಲ್ಲ, ಆದರೆ ರಿಮ್ಮಿನ ನಡುವೆ ಸುತ್ತಲೂ ಒಂದು ಹಳ್ಳವಿದೆ. ಟೈರಿನ ಅಂಚಿನ ಒಂದು ಭಾಗವನ್ನು ಮೊಣಕಾಲಿನಿಂದ ಒತ್ತಿ ಆ ಹಳ್ಳಕ್ಕೆ ಇಳಿಸಿದರೆ ಎದುರು ಭಾಗದಲ್ಲಿ ಸಡಿಲು ದೊರೆಯುತ್ತದೆ. ಅಲ್ಲಿ ಸನ್ನೆಕೋಲು ಹಾಕಿದರೆ ಅಂಚು ಸುಲಭವಾಗಿ ಮೇಲೇಳುತ್ತದೆ. ಇದನ್ನರಿಯದೆ ಜಗ್ಗಿದರೆ ತಂತಿ ಕೆಟ್ಟೀತು, ರಿಮ್ಮು ಸೊಟ್ಟಗಾದೀತು.

1961ರಿಂದ 1996ರವರೆಗೆ ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ದಿ ವಾಹನಗಳನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಕಡ್ಡಿಗಾಲಿ, ಒಳಗೊಂದು ಟ್ಯೂಬು ಇರುವ ಇಂತಹ ವಾಹನಗಳಿಗೆ ಮನೆಯ ಕೆಲಸ ಒಪ್ಪುತ್ತದೆ. ಗಾಲಿಯನ್ನು ಕಳಚಿ, ವಾಲ್ವಿನ ಒಳಮುಳ್ಳನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು. ಬಿಚ್ಚುವ ಕೆಲಸ ವಾಲ್ವಿನ ಬಳಿ ಆರಂಭವಾಗಬೇಕು. ತೊಡಿಸುವ ಕೆಲಸ ವಾಲ್ವಿನ ಬಳಿಯೇ ಮುಗಿಯಬೇಕು. ವಾಲ್ವಿನ ಬುಡ ಅಡ್ಡವಾಗಿರುವುದರಿಂದ ಅಲ್ಲಿ ಅಂಚು ಹಳ್ಳಕ್ಕೆ ಇಳಿಯಲಾರದು. ಎದುರು ಕಡೆ ಇಳಿಯಬಲ್ಲುದು. ಅಂಗಡಿಯ ಹುಡುಗರು ಈ ಕ್ರಮವನ್ನು ಕಾರಣ ಕೇಳದೆ ಪಾಲಿಸುತ್ತಾರೆ. ಕಾರಣ ತಿಳಿದವನಿಗೆ ಅದು ಮರೆಯುವುದಿಲ್ಲ.

ಹೊಸ ಟೈರು ಹಾಕುವ ಮುನ್ನ ಕಡ್ಡಿಗಳ ತುದಿಯನ್ನು ಮುಚ್ಚುವ ರಬ್ಬರು ಪಟ್ಟಿ ನೆಟ್ಟಗಿದೆಯೇ ಎಂದು ನೋಡಬೇಕು. ಹಳೆಯ ಟೈರನ್ನೇ ಮತ್ತೆ ಹಾಕುವುದಾದರೆ ಒಳಮೈಯನ್ನು ಬಟ್ಟೆಯಿಂದ ಸವರಿ ನೋಡುವುದು ಲೇಸು. ಚುಚ್ಚಿದ ಮೊಳೆ ಅಲ್ಲಿಯೇ ಕುಳಿತಿರುವುದುಂಟು. ಟೈರಿನ ಪಕ್ಕದಲ್ಲಿ ಬಾಣದ ಗುರುತಿದ್ದರೆ ಗಾಲಿ ಆ ದಿಕ್ಕಿಗೇ ಉರುಳಬೇಕು. ಅಂಚಿಗೆ ಸಾಬೂನಿನ ನೀರು ಸವರಬೇಕು. ಎಣ್ಣೆ ರಬ್ಬರಿಗೆ ಹಿತವಲ್ಲ. ಟ್ಯೂಬಿಗೆ ಅದು ದುಂಡಗಾಗುವಷ್ಟು ಮಾತ್ರ ಗಾಳಿ ಕೊಟ್ಟು ಒಳಗಿಡಬೇಕು. ಖಾಲಿ ಟ್ಯೂಬು ಮಡಿಕೆಯಾಗಿ ಸನ್ನೆಕೋಲಿನ ಬಾಯಿಗೆ ಸಿಕ್ಕಿಬಿಡುತ್ತದೆ. ಆಗ ಬೀಳುವ ಸಣ್ಣ ಗಾಯ ಅಂಗಳದಲ್ಲಿ ಕಾಣಿಸದಿರಬಹುದು. ಹೆದ್ದಾರಿಯಲ್ಲಿ ಮುಂದಿನ ಗಾಲಿಯ ಗಾಳಿ ಥಟ್ಟನೆ ಹೋದರೆ ಸವಾರನ ಪ್ರಾಣಕ್ಕೇ ಸಂಚಕಾರ.

ಟ್ಯೂಬಿಲ್ಲದ ಟೈರುಗಳ ಮಾತು ಬೇರೆ. ಅವುಗಳ ಅಂಚು ರಿಮ್ಮಿಗೆ ಗಾಳಿಯಾಡದಂತೆ ಬಿಗಿದು ಕೂರುತ್ತದೆ. ಕೈಪಂಪಿನ ಗಾಳಿ ಅದನ್ನು ಕೂರಿಸಲು ಸಾಲುವುದು ಕಷ್ಟ. ಅದನ್ನು ಅಂಗಡಿಗೆ ಒಯ್ಯುವುದೇ ಸರಿ.

ಗಾಳಿ ತುಂಬಿದ ಮೇಲೆ ಟೈರಿನ ಪಕ್ಕದಲ್ಲಿರುವ ತೆಳುಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಅಂತರದಲ್ಲಿದೆಯೇ ಎಂದು ನೋಡುತ್ತಾರೆ. ಅನಂತರ ಅಚ್ಚಿನ ನಟ್ಟನ್ನು ಬಿಗಿದು, ಬ್ರೇಕು ಹಿಡಿಯುವುದನ್ನು ನಿಧಾನದ ವೇಗದಲ್ಲಿ ಪರೀಕ್ಷಿಸುತ್ತಾರೆ. ಹೊಸ ರಬ್ಬರಿನ ಮೈ ಮೊದಮೊದಲು ನುಣುಪಾಗಿರುವುದರಿಂದ, ಮೊದಲ ನೂರು ಕಿಲೋಮೀಟರು ತಿರುವುಗಳಲ್ಲಿ ವಾಹನವನ್ನು ಹೆಚ್ಚು ಓರೆ ಮಾಡದೆ ಓಡಿಸುವುದು ವಾಡಿಕೆ.