ಅಳಿಸುವ ಮುನ್ನ ಹುಡುಕಬೇಕಾದ ಇಪ್ಪತ್ತೈದು ಅಕ್ಷರಗಳು

ಕಂಪ್ಯೂಟರ್ ದುರಸ್ತಿಗೆ ಕುಳಿತವರಲ್ಲಿ ಹಾರ್ಡ್ ಡಿಸ್ಕಿನೊಳಗಿನ ಫೋಟೋ, ಪತ್ರ, ಲೆಕ್ಕಪತ್ರಗಳನ್ನು ಮೊದಲು ನಕಲು ಮಾಡಿಟ್ಟುಕೊಳ್ಳುವ ಎಚ್ಚರ ಸಾಮಾನ್ಯವಾಗಿ ಇರುತ್ತದೆ. ಆದರೆ ಆ ಯಂತ್ರದ ತಂತ್ರಾಂಶವನ್ನು ಬಳಸಲು ಒಡೆಯನಿಗಿರುವ ಹಕ್ಕಿನ ಗುರುತಾದ ಲೈಸೆನ್ಸ್ ಕೀ ಯಾವ ಫೋಲ್ಡರಿನಲ್ಲಿಯೂ ಕಣ್ಣಿಗೆ ಬೀಳುವಂತಿರದ ಕಾರಣ, ಫಾರ್ಮ್ಯಾಟ್ ಮುಗಿದ ಮೇಲೆಯೇ ಅದು ನೆನಪಿಗೆ ಬರುತ್ತದೆ. ತಂತ್ರಾಂಶವನ್ನು ಹಾಕುವಾಗ ಕೊಡಬೇಕಾದ ಅಕ್ಷರ ಮತ್ತು ಅಂಕಿಗಳ ಸರಣಿಯೇ ಲೈಸೆನ್ಸ್ ಕೀ. ವಿಂಡೋಸ್‌ನಲ್ಲಿ ಅದು ಐದೈದರ ಐದು ಗುಂಪುಗಳಲ್ಲಿ 25 ಅಕ್ಷರಗಳಷ್ಟಿರುತ್ತದೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ, ಈ ಕೀಯನ್ನು ಯಂತ್ರದ ಬಿಡಿಭಾಗಗಳ ಗುರುತಿನೊಡನೆ ಸೇರಿಸಿ ಮೈಕ್ರೋಸಾಫ್ಟ್ ಕಂಪನಿಯಲ್ಲಿ ದಾಖಲಿಸುವ ‘ಆಕ್ಟಿವೇಶನ್’ ಪದ್ಧತಿಯನ್ನು ತಂದಿತು. ಅಂದಿನಿಂದ ಕಳೆದುಹೋದ ಕೀ ದುರಸ್ತಿ ಅಂಗಡಿಯ ನಿತ್ಯದ ತೊಡಕಾಗಿದೆ.

ಹಳೆಯ ವಿಂಡೋಸ್‌ನಲ್ಲಿ ಕೀ ಎಲ್ಲಿಯೂ ಹೋಗಿರುವುದಿಲ್ಲ, ಯಂತ್ರದೊಳಗೇ ಇರುತ್ತದೆ. ವ್ಯವಸ್ಥೆಯ ಎಲ್ಲ ಆಯ್ಕೆಗಳನ್ನು ದಾಖಲಿಸಿಡುವ ರಿಜಿಸ್ಟ್ರಿ ಎಂಬ ಭಂಡಾರದಲ್ಲಿ ‘ಡಿಜಿಟಲ್ ಪ್ರಾಡಕ್ಟ್ ಐಡಿ’ ಎಂಬ ಹೆಸರಿನ ಒಂದು ನಮೂದಿದ್ದು, ಅದರ ಮಧ್ಯದ 15 ಬೈಟ್‌ಗಳಲ್ಲಿ 25 ಅಕ್ಷರಗಳೂ ಅಡಗಿ ಕುಳಿತಿರುತ್ತವೆ. ಇದು ಗೂಢಲಿಪಿಯಲ್ಲ, ಬರಿಯ ಸಂಖ್ಯಾಪದ್ಧತಿಯ ಬದಲಾವಣೆ: ಆ ಬೈಟ್‌ಗಳನ್ನು ಒಂದು ದೊಡ್ಡ ಸಂಖ್ಯೆಯೆಂದು ಭಾವಿಸಿ 24ರಿಂದ ಮತ್ತೆ ಮತ್ತೆ ಭಾಗಿಸುತ್ತ ಹೋದರೆ, ಪ್ರತಿ ಸಲದ ಶೇಷವೂ ಒಂದೊಂದು ಅಕ್ಷರವನ್ನು ಕೊಡುತ್ತದೆ. ಪ್ರೊಡ್ಯೂಕೀಯಂಥ ಪುಟ್ಟ ಉಪಕರಣಗಳು ಮಾಡುವುದು ಇಷ್ಟನ್ನೇ. ವಿಂಡೋಸ್ ಆರಂಭವೇ ಆಗದಷ್ಟು ಕೆಟ್ಟ ಯಂತ್ರದಲ್ಲಿಯೂ ಡಿಸ್ಕ್ ಓದಲು ಬರುವಂತಿದ್ದರೆ, ಅದನ್ನು ಕಳಚಿ ಬೇರೊಂದು ಯಂತ್ರಕ್ಕೆ ಜೋಡಿಸಿ, ವಿಂಡೋಸ್ ಫೋಲ್ಡರಿನ ‘ಸಿಸ್ಟಮ್32’ ಒಳಗಿನ ‘ಕಾನ್ಫಿಗ್’ ಎಂಬಲ್ಲಿರುವ ‘ಸಾಫ್ಟ್‌ವೇರ್’ ಕಡತವನ್ನು ಓದಿದರೆ ಸಾಕು. ಆ ಕಡತವೇ ರಿಜಿಸ್ಟ್ರಿಯ ಬೇಕಾದ ಭಾಗ. ಆದ್ದರಿಂದ ಡಿಸ್ಕನ್ನು ಅಳಿಸುವ ಮುನ್ನ ಅದರ ಪೂರ್ಣ ನಕಲನ್ನು, ಸಾಧ್ಯವಾಗದಿದ್ದರೆ ಕನಿಷ್ಠ ಈ ಒಂದು ಕಡತವನ್ನು, ಬೇರೆಡೆ ಎತ್ತಿಟ್ಟುಕೊಳ್ಳಬೇಕು.

ಇಲ್ಲಿಯೇ ಅನುಭವವಿಲ್ಲದವರು ಎಡವುವುದು. ಈ ಸಾಲುಗಳ ಲೇಖಕನೂ ದುರಸ್ತಿಯ ಮೊದಲ ವರ್ಷಗಳಲ್ಲಿ ರಿಜಿಸ್ಟ್ರಿಯಿಂದ ತೆಗೆದ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡು, ಅದನ್ನೇ ನಂಬಿ ಡಿಸ್ಕನ್ನು ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿದ ಬಳಿಕ ಆ ಕೀ ತಿರಸ್ಕೃತವಾಗುವುದನ್ನು ಕಂಡದ್ದುಂಟು. ಬ್ರ್ಯಾಂಡೆಡ್ ಯಂತ್ರಗಳ ತಯಾರಕರು ವಿಂಡೋಸ್ 7ರವರೆಗೆ ತಮ್ಮ ಸಾವಿರಾರು ಯಂತ್ರಗಳಿಗೆ ಒಂದೇ ಸಾಮಾನ್ಯ ಕೀಯನ್ನು ಬಳಸುತ್ತಿದ್ದರು; ಅದು ಮದರ್‌ಬೋರ್ಡಿನ ಬಯೋಸ್‌ನಲ್ಲಿರುವ ತಯಾರಕರ ಗುರುತಿನೊಡನೆ ತಾಳೆಯಾದಾಗ ಮಾತ್ರ ಊರ್ಜಿತವಾಗುತ್ತಿತ್ತು. ಬಯೋಸ್ ಎಂದರೆ ಯಂತ್ರವನ್ನು ಚಾಲೂ ಮಾಡಿದೊಡನೆ ಮೊದಲು ಓಡುವ, ಚಿಪ್‌ನಲ್ಲಿಯೇ ನೆಲೆಸಿರುವ ತಂತ್ರಾಂಶ. ಒಡೆಯನಿಗೆ ಸಲ್ಲಬೇಕಾದ ಬೇರೆಯೇ ಒಂದು ಕೀ ಯಂತ್ರದ ಮೈಮೇಲಿನ ಚೀಟಿಯಲ್ಲಿ ಅಚ್ಚಾಗಿರುತ್ತಿತ್ತು. ರಿಜಿಸ್ಟ್ರಿಯ ಕೀ ಮತ್ತು ಚೀಟಿಯ ಕೀ ಹೊಂದದಿದ್ದರೆ ಗಾಬರಿಪಡಬೇಕಾಗಿಲ್ಲ. ಹೊಸದಾಗಿ ಹಾಕುವಾಗ ನೆಚ್ಚಬೇಕಾದದ್ದು ಚೀಟಿಯದನ್ನು. ಇನ್ನು ಕಚೇರಿಗಳಿಂದ ಹೊರಬಂದು ಮರುಮಾರಾಟವಾಗುವ ಯಂತ್ರಗಳಲ್ಲಿ ಕೆಲವೊಮ್ಮೆ ಇಪ್ಪತ್ತೈದೂ ಸ್ಥಾನಗಳಲ್ಲಿ ‘ಬಿ’ ಎಂಬ ಅಕ್ಷರವೇ ಕಾಣಿಸುತ್ತದೆ. ಆ ಪದ್ಧತಿಯಲ್ಲಿ ‘ಬಿ’ ಎಂದರೆ ಸೊನ್ನೆ. ಸಂಸ್ಥೆಗೆ ಸಗಟಾಗಿ ಕೊಟ್ಟ ಕೀಯನ್ನು ವಿಂಡೋಸ್ ತಾನೇ ಅಳಿಸಿಹಾಕಿದೆ ಎಂಬುದು ಅದರ ಅರ್ಥ. ಆ ಹಕ್ಕು ಸಂಸ್ಥೆಯದು, ಯಂತ್ರದ ಜೊತೆ ಹೊಸ ಒಡೆಯನಿಗೆ ಬರುವಂಥದಲ್ಲ.

ಚೀಟಿಯೂ ಉಳಿದಿರುವುದು ಅಪರೂಪ. ಲ್ಯಾಪ್‌ಟಾಪಿನ ಅಡಿಯಲ್ಲಿ ಅಂಟಿಸಿದ್ದು ತೊಡೆಯ ಶಾಖಕ್ಕೂ ಮೇಜಿನ ತಿಕ್ಕಾಟಕ್ಕೂ ಸಿಕ್ಕಿ ಸವೆದಿರುತ್ತದೆ. ಬ್ಯಾಟರಿ ಕಳಚಿದರೆ ಕಾಣುವ ಗೂಡಿನೊಳಗೆ ಅಂಟಿಸಿದ್ದು ಎಷ್ಟೋ ವೇಳೆ ಚೆನ್ನಾಗಿರುತ್ತದೆ, ಆದ್ದರಿಂದ ಅಲ್ಲಿ ನೋಡದೆ ಕೈಚೆಲ್ಲಬಾರದು. ಸವೆದ ಚೀಟಿಯ ಮೇಲೆ ಓರೆಯಾಗಿ ಬೆಳಕು ಬಿಟ್ಟು ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆದು ಹಿಗ್ಗಿಸಿದರೆ ಅರ್ಧ ಕೆಲಸವಾಗುತ್ತದೆ. ಉಳಿದರ್ಧಕ್ಕೆ ಅಕ್ಷರಮಾಲೆಯ ತಿಳಿವಳಿಕೆ ಬೇಕು. ವಿಂಡೋಸ್ 7ರವರೆಗಿನ ಕೀಗಳಲ್ಲಿ ಇಂಗ್ಲಿಷಿನ ಐದು ಸ್ವರಗಳೂ ಎಲ್, ಎನ್, ಎಸ್, ಜೆಡ್ ಎಂಬ ಅಕ್ಷರಗಳೂ 0, 1, 5 ಎಂಬ ಅಂಕಿಗಳೂ ಬರುವುದೇ ಇಲ್ಲ. ಉಳಿಯುವುದು 17 ಅಕ್ಷರ, 7 ಅಂಕಿ, ಒಟ್ಟು 24. ಹಾಗಾಗಿ ದುಂಡಗಿನ ಕಲೆಯೊಂದು ‘ಓ’ ಅಥವಾ ಸೊನ್ನೆಯಾಗಿರಲಾರದು, ‘ಕ್ಯೂ’ ಅಥವಾ ‘ಡಿ’ ಆಗಿರಬಹುದು. 5ರಂತೆ ಕಂಡದ್ದು 6 ಆಗಿರುವ ಸಾಧ್ಯತೆಯೇ ಹೆಚ್ಚು. ನಿಜವಾದ ಗೊಂದಲ ‘ಬಿ’ಗೂ 8ಕ್ಕೂ, ‘ಜಿ’ಗೂ 6ಕ್ಕೂ ನಡುವೆ. ಎರಡು ಮೂರು ಅಕ್ಷರ ಅಳಿಸಿದ್ದರೆ ಹೀಗೆ ತರ್ಕದಿಂದ ಕೂಡಿಸಬಹುದು. ಒಂದು ಗುಂಪೇ ಅಳಿಸಿಹೋಗಿದ್ದರೆ ಸುಮಾರು 80 ಲಕ್ಷ ಜೋಡಣೆಗಳು ಎದುರಾಗುವುದರಿಂದ ಆ ಪ್ರಯತ್ನವನ್ನು ಬಿಡುವುದೇ ಸರಿ.

2012ರಲ್ಲಿ ವಿಂಡೋಸ್ 8 ಬಂದಾಗ ಪರಿಸ್ಥಿತಿ ಬದಲಾಯಿತು. ತಯಾರಕರು ಯಂತ್ರಕ್ಕೊಂದರಂತೆ ಪ್ರತ್ಯೇಕ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿಯೇ, ‘ಎಂಎಸ್‌ಡಿಎಂ’ ಎಂಬ ಕೋಷ್ಟಕದಲ್ಲಿ ಬರೆದಿಡತೊಡಗಿದರು. ಡಿಸ್ಕ್ ಪೂರ್ತಿ ಸುಟ್ಟರೂ ಈ ಕೀ ಉಳಿಯುತ್ತದೆ, ಅದೇ ಆವೃತ್ತಿಯ ವಿಂಡೋಸ್ ಹಾಕುವಾಗ ತಾನಾಗಿಯೇ ಓದಲ್ಪಡುತ್ತದೆ. ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿಯೂ ಆ ಕೋಷ್ಟಕವನ್ನು ನೋಡಬಹುದು. ಆದರೆ ಅಪಾಯವೂ ಡಿಸ್ಕಿನಿಂದ ಮದರ್‌ಬೋರ್ಡಿಗೆ ಸ್ಥಳಾಂತರವಾಯಿತು. ಬೋರ್ಡ್ ಬದಲಿಸುವ ದುರಸ್ತಿಯಲ್ಲಿ ಹಳೆಯ ಬೋರ್ಡಿಗೆ ಇನ್ನೂ ಜೀವವಿದ್ದಾಗಲೇ ಕೀಯನ್ನು ಓದಿ ಬರೆದುಕೊಳ್ಳುವುದು ಲೇಸು. 2015ರ ವಿಂಡೋಸ್ 10ರಲ್ಲಿ ಕೀಯೇ ಹಿಂದೆ ಸರಿದು, ಯಂತ್ರದ ಗುರುತನ್ನು ಕಂಪನಿಯ ಸರ್ವರಿನಲ್ಲಿ ಇಟ್ಟುಕೊಳ್ಳುವ ಡಿಜಿಟಲ್ ಲೈಸೆನ್ಸ್ ಮುಂದೆ ಬಂದಿತು; ಅಂಥ ಯಂತ್ರದಲ್ಲಿ ಕಾಣುವ ಕೀ ಎಲ್ಲರಿಗೂ ಸಮಾನವಾದದ್ದು, ಬರೆದಿಟ್ಟುಕೊಂಡು ಪ್ರಯೋಜನವಿಲ್ಲ. ದುರಸ್ತಿಗೆ ಮುನ್ನ ಆ ಲೈಸೆನ್ಸನ್ನು ಒಡೆಯನ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಕೊಂಡಿದ್ದರೆ ಬೋರ್ಡ್ ಬದಲಾದ ಬಳಿಕ ಹಕ್ಕನ್ನು ಮರಳಿ ಕೇಳಲು ಒಂದು ದಾರಿ ಇರುತ್ತದೆ. ಆಫೀಸ್ 2013 ಮತ್ತು ಅನಂತರದವು ಕೀಯ ಕೊನೆಯ ಐದು ಅಕ್ಷರಗಳನ್ನಷ್ಟೇ ಯಂತ್ರದಲ್ಲಿ ಉಳಿಸುತ್ತವೆ. ಅವು ಪೂರ್ಣ ಕೀಯನ್ನು ಕೊಡಲಾರವು, ಮನೆಯಲ್ಲಿರುವ, ಕೀ ಅಚ್ಚಾದ ಎರಡು ಮೂರು ಕಾರ್ಡುಗಳಲ್ಲಿ ಈ ಯಂತ್ರದ್ದು ಯಾವುದೆಂದು ಮಾತ್ರ ತಿಳಿಸುತ್ತವೆ.

ಕೀ ಸಿಗದಿದ್ದಾಗ ಅಂತರಜಾಲದಲ್ಲಿ ದೊರೆಯುವ ‘ಆಕ್ಟಿವೇಟರ್’ ಓಡಿಸಿ ಕೆಲಸ ಮುಗಿಸುವ ರೂಢಿ ನಮ್ಮ ಊರುಗಳಲ್ಲಿ ಬೇರೂರಿದೆ, ಮತ್ತು ಇದು ಗ್ರಾಹಕನಿಗೆ ಬಗೆಯುವ ನೇರ ಅನ್ಯಾಯ. ಅಂಥ ತಂತ್ರಾಂಶಗಳ ಬೆನ್ನಿಗೆ ವೈರಸ್ ಬರುವುದು ಒಂದು ಕಡೆ. ಅಕ್ರಮ ನಕಲೆಂದು ತಿಳಿದೂ ಕಂಪ್ಯೂಟರ್ ತಂತ್ರಾಂಶವನ್ನು ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ಸೆರೆವಾಸಕ್ಕೆ ಎಡೆಮಾಡುವ ಅಪರಾಧವೆಂಬುದು ಇನ್ನೊಂದು ಕಡೆ. ಹಣ ಕೊಟ್ಟು ಹಕ್ಕು ಕೊಂಡವನೇ ದುರಸ್ತಿಗಾರನ ಅವಸರದಿಂದ ಕಳ್ಳಪ್ರತಿಯ ಬಳಕೆದಾರನಾಗುವುದು ಸಹಿಸತಕ್ಕ ಮಾತಲ್ಲ.

ವಿಂಡೋಸ್‌ನಾಚೆಯ ತಂತ್ರಾಂಶಗಳಿಗೆ ಬೇರೆ ಬೇರೆ ಎಚ್ಚರ ಬೇಕು. ಅಂಗಡಿಗಳಲ್ಲಿಯೂ ಲೆಕ್ಕಪರಿಶೋಧಕರಲ್ಲಿಯೂ ಬಳಕೆಯಲ್ಲಿರುವ, ಬೆಂಗಳೂರಿನ ಕಂಪನಿಯ ಟ್ಯಾಲಿಯಲ್ಲಿ ಲೈಸೆನ್ಸನ್ನು ಯಂತ್ರದಿಂದ ಹಿಂದಿರುಗಿಸುವ ‘ಸರೆಂಡರ್’ ಎಂಬ ಆಯ್ಕೆ ಇದ್ದು, ಫಾರ್ಮ್ಯಾಟ್‌ಗೆ ಮುನ್ನ ಅದನ್ನು ಒತ್ತಿದರೆ ಹೊಸದಾಗಿ ಹಾಕಿದ ಮೇಲೆ ಸೀರಿಯಲ್ ನಂಬರಿನಿಂದ ಸುಲಭವಾಗಿ ಮರಳಿ ಪಡೆಯಬಹುದು. ನೋಂದಾಯಿಸಿದ ಇ-ಮೇಲ್ ವಿಳಾಸ ಯಾರದೆಂಬುದನ್ನು ಕೂಡ ಆಗಲೇ ವಿಚಾರಿಸಿಡಬೇಕು, ಏಕೆಂದರೆ ಅದು ಎಂದೋ ಕೆಲಸ ಬಿಟ್ಟ ಗುಮಾಸ್ತನದಾಗಿರುವುದು ಅಪರೂಪವಲ್ಲ.

ಎಲ್ಲಕ್ಕಿಂತ ನಾಜೂಕಾದವು ಜಿಲ್ಲೆ ತಾಲ್ಲೂಕುಗಳ ಡಿಟಿಪಿ ಕೇಂದ್ರಗಳ ಹಳೆಯ ಯಂತ್ರಗಳು. 2001ರ ಪೇಜ್‌ಮೇಕರ್ 7 ಸೀರಿಯಲ್ ನಂಬರನ್ನಷ್ಟೇ ಕೇಳುತ್ತದೆ, ಅದು ಸಿ.ಡಿ. ಡಬ್ಬಿಯ ಮೇಲೆ ಸಿಕ್ಕಿದರೆ ಸಾಕು. ಶ್ರೀಲಿಪಿಯಂಥ ಕನ್ನಡ ಅಕ್ಷರಜೋಡಣೆಯ ತಂತ್ರಾಂಶಕ್ಕಾದರೋ ಡಾಂಗಲ್, ಅಂದರೆ ಯಂತ್ರದ ಹಿಂಬದಿಗೆ ಸಿಕ್ಕಿಸುವ ಚಿಕ್ಕ ಬೀಗವೇ ಲೈಸೆನ್ಸು. ಡಿಸ್ಕಿನಲ್ಲಿ ಹುಡುಕಿದರೆ ಅಲ್ಲೇನೂ ಸಿಗುವುದಿಲ್ಲ. ಯುನಿಕೋಡ್‌ಗೆ ಮುಂಚಿನ ಸಂಕೇತಗಳಲ್ಲಿ ಜೋಡಿಸಿದ ಆ ಪುಟಗಳು ಅದೇ ಅಕ್ಷರಶೈಲಿಗಳಿಲ್ಲದೆ ಕನ್ನಡವಾಗಿ ಕಾಣಿಸುವುದೇ ಇಲ್ಲವಾದ್ದರಿಂದ, ಊರಿನ ಎಷ್ಟೋ ಸ್ಮರಣ ಸಂಚಿಕೆಗಳೂ ಕವನ ಸಂಕಲನಗಳೂ ಆ ಬೀಗದ ಆಶ್ರಯದಲ್ಲಿರುತ್ತವೆ. ಹಳೆಯ ಡಾಂಗಲ್ ಪ್ರಿಂಟರ್ ಪೋರ್ಟಿಗೆ ಸಿಕ್ಕಿಸುವಂಥದಾಗಿದ್ದರೆ, ಆ ಪೋರ್ಟೇ ಇಲ್ಲದ ಹೊಸ ಮದರ್‌ಬೋರ್ಡ್ ಹಾಕುವ ಮುನ್ನ ಪೋರ್ಟ್ ಇರುವ ಕಾರ್ಡನ್ನು ಮೊದಲು ತಂದು, ಡಾಂಗಲ್ ಅದರಲ್ಲಿ ಕೆಲಸ ಮಾಡುತ್ತದೆಯೇ ಎಂದು ನೋಡಿಕೊಂಡು, ಆ ಬಳಿಕವೇ ಹಳೆಯ ಬೋರ್ಡಿನ ಸ್ಕ್ರೂ ಸಡಿಲಿಸಬೇಕು.