ತಂಡೇಲನ ಜೊತೆ ಚೌಕಾಶಿ ಬೇಡ

ಚೆನ್ನೈನ ಸೌಕಾರ್‌ಪೇಟೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಚೌಕಾಶಿಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮಿಂಟ್ ಸ್ಟ್ರೀಟಿನಲ್ಲಾಗಲಿ, ಗೋಡೌನ್ ಸ್ಟ್ರೀಟಿನ ಜವಳಿ ಅಂಗಡಿಯಲ್ಲಾಗಲಿ, ಹೇಳಿದ ಬೆಲೆಗೆ ತಲೆಯಾಡಿಸಿ ದುಡ್ಡು ಎಣಿಸಿದವನನ್ನು ಅಂಗಡಿಯವನೇ ಪೆದ್ದ ಅಂದುಕೊಳ್ಳುತ್ತಾನೆ. ಆ ಜಾಣತನ ನಿಮ್ಮಲ್ಲಿ ಇರಲಿ. ಆದರೆ ಈಗೀಗ ನಾಲ್ಕು ದಿನ ರಜೆ ಸಿಕ್ಕರೆ ಸಾಕು, ನೀವೆಲ್ಲ ಮಲ್ಪೆ, ಮುರುಡೇಶ್ವರ, ಕಾರವಾರ ಎಂದು ಹೊರಡುತ್ತೀರಿ. ದೋಣಿ ಗೊತ್ತುಮಾಡಿ ಗಾಳ ಹಾಕುವುದು, ದ್ವೀಪ ಸುತ್ತುವುದು, ಹಕ್ಕಿ ನೋಡುವುದು ಎಲ್ಲವನ್ನೂ ಮೊಬೈಲಿನಲ್ಲೇ ಬುಕ್ ಮಾಡುತ್ತೀರಿ. ಹೋಗಿಬನ್ನಿ, ಬೇಡವೆನ್ನುವವನು ನಾನಲ್ಲ. ಹೋಗುವ ಮುಂಚೆ ಮಾತ್ರ ಈ ಮುದುಕನ ಮಾತು ಕೇಳಿ. ನಾನು ಮಲ್ಪೆ ಕಡೆಯವನು. ಇಲ್ಲಿ ಹಗ್ಗ, ಬಲೆ ಮಾರುವ ಅಂಗಡಿಯಲ್ಲಿ ಲೆಕ್ಕ ಬರೆದು ತಲೆ ನರೆಸಿಕೊಂಡವನು. ಕಾಸಿಮೇಡು ಬಂದರಿನ ದೋಣಿಯವರೂ ನಮ್ಮೂರ ತಂಡೇಲರೂ, ಎಂದರೆ ದೋಣಿ ನಡೆಸುವವರೂ, ಆಡಿದ ಮಾತು ಕೇಳಿ ಕಲಿತದ್ದನ್ನೇ ನಿಮಗೆ ಹೇಳುತ್ತಿದ್ದೇನೆ.

ದೋಣಿಯ ಬಾಡಿಗೆ ಕೊಟ್ಟಾಗ ನೀವು ಕೊಳ್ಳುವುದು ಏನನ್ನು? ಮೀನನ್ನಲ್ಲ, ಮೀನು ಸಿಗುವುದು ಬಿಡುವುದು ನಿಮ್ಮ ಅದೃಷ್ಟ. ದ್ವೀಪವನ್ನಂತೂ ಅಲ್ಲ. ನೀವು ಕೊಳ್ಳುವುದು ತಂಡೇಲನ ತೀರ್ಮಾನವನ್ನು. ಇವತ್ತು ಹೊರಡಬಹುದೇ, ಎಲ್ಲಿಯವರೆಗೆ ಹೋಗಬಹುದು, ಯಾವಾಗ ತಿರುಗಬೇಕು ಎಂಬ ಮೂರು ಮಾತಿಗೆ ನಿಮ್ಮ ಹಣ. ಚುಕ್ಕಾಣಿ ಹಿಡಿದವನು ಬೇಡ ಎಂದರೆ ಅದು ಬೇಡವೇ. ಅಲ್ಲಿ ಚೌಕಾಶಿ ನಡೆಯಬಾರದು.

ಹಾಗಿದ್ದೂ ಚೌಕಾಶಿ ನಡೆಯುತ್ತದೆ. ಮೊದಲನೆಯದು ತಲೆಯೆಣಿಕೆಯಲ್ಲಿ. "ಇಬ್ಬರು ಮಕ್ಕಳು ತಾನೇ, ಮಡಿಲಲ್ಲಿ ಕೂರಿಸಿಕೊಳ್ಳುತ್ತೇವೆ" ಅನ್ನುತ್ತೀರಿ. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಹಿಡಿಸಬೇಕಾದುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಭಾರ ಹೆಚ್ಚಾದಷ್ಟೂ ದೋಣಿಯ ಅಂಚು ನೀರಿಗೆ ಹತ್ತಿರವಾಗುತ್ತದೆ, ಸಣ್ಣ ಅಲೆಯೂ ಒಳಗೆ ಬರುತ್ತದೆ. ಎಷ್ಟು ಜನಕ್ಕೆ ಪರವಾನಗಿ ಇದೆ ಎಂದು ಹತ್ತುವ ಮುಂಚೆ ಕೇಳಿ. ನಿಮ್ಮ ಗುಂಪು ದೊಡ್ಡದಾದರೆ ಎರಡು ದೋಣಿ ಮಾಡಿ.

ಎರಡನೆಯದು ಲೈಫ್ ಜಾಕೆಟ್. ಸೆಖೆ ಎಂದು, ಫೋಟೋ ಚೆನ್ನಾಗಿ ಬರುವುದಿಲ್ಲ ಎಂದು ಅದನ್ನು ಬಿಚ್ಚಿ ಕುಂಡೆಯಡಿ ಹಾಕಿಕೊಂಡು ಕೂತವರನ್ನು ಎಲ್ಲ ಕಡೆ ನೋಡಬಹುದು. ನಮಗೆ ಬಲು ಹತ್ತಿರದ ಪಳವೇರ್ಕಾಡಿನಲ್ಲಿ, ಅಂದರೆ ಪುಲಿಕಾಟಿನಲ್ಲಿ, 2011ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ರಜೆಗೆ ಬಂದಿದ್ದ ಬಂಧುಬಳಗದ ದೋಣಿ ಮಗುಚಿ 22 ಜನ ನೀರುಪಾಲಾದರು. ಅವರ ಮೈಮೇಲೆ ಜಾಕೆಟ್ ಇರಲಿಲ್ಲ. ಪುಲಿಕಾಟ್ ಸರೋವರ ಹೆಚ್ಚಿನ ಕಡೆ ಆಳವಿಲ್ಲದ ಹಿನ್ನೀರು, ನೋಡಿದರೆ ಅಂಜಿಕೆಯಾಗುವುದಿಲ್ಲ. ಅಪಾಯವಿರುವುದು ಅದು ಕಡಲು ಸೇರುವ ಅಳಿವೆಯಲ್ಲಿ. ಅಳಿವೆ ಬಾಗಿಲಲ್ಲಿ ಮರಳ ದಿಬ್ಬ ಇರುತ್ತದೆ. ಇಳಿತದ ಹೊತ್ತಿಗೆ ಹೊರಗೆ ಹರಿಯುವ ನೀರಿಗೆ ಒಳಗೆ ನುಗ್ಗುವ ಅಲೆ ಎದುರಾದಾಗ ಅಲೆ ಸೆಟೆದು ನಿಂತು ಒಡೆಯುತ್ತದೆ. ಆ ಹೊತ್ತಿಗೆ ದೋಣಿ ಅಡ್ಡ ತಿರುಗಿತೋ, ತಂಡೇಲನ ಕೈ ಮೀರಿತು. ನಮ್ಮ ಕರಾವಳಿಯಲ್ಲೂ ಅಳಿವೆ ಎಂದರೆ ಹುಟ್ಟು ಮೀನುಗಾರನೂ ಬಾಯಿ ಮುಚ್ಚಿ ಕೂರುವ ಜಾಗ. ಜಾಕೆಟ್ಟಿನ ಬಕಲ್ಲುಗಳನ್ನೆಲ್ಲ ಬಿಗಿದು ಹಾಕಿ, ದಡದ ಮೇಲೆ ಕಾಲಿಟ್ಟ ಮೇಲೆ ಬಿಚ್ಚಿ.

ಮೂರನೆಯದು ಕೂತ ಜಾಗ. ಡಾಲ್ಫಿನ್ ಕಂಡಿತು, ಹದ್ದು ಕಂಡಿತು ಎಂದು ಎಲ್ಲರೂ ಒಂದೇ ಬದಿಗೆ ಎದ್ದು ಓಡಬೇಡಿ. ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು ಪ್ರವಾಸಿ ದೋಣಿ ಮಗುಚಿ 45 ಜನ ಸತ್ತದ್ದು, ದಡದ ಕಾಡುಪ್ರಾಣಿ ನೋಡಲು ಜನ ಒಂದು ಬದಿಗೆ ಸರಿದಾಗ. ಅದು ಕಡಲೂ ಅಲ್ಲ, ಅಲೆಯಿಲ್ಲದ ಅಣೆಕಟ್ಟೆಯ ನೀರು.

ಇನ್ನು ಹವೆಯ ವಿಚಾರ. ಆಕಾಶ ತಿಳಿಯಾಗಿದೆ, ಗಾಳಿಯಿಲ್ಲ, ಆದರೂ ತಂಡೇಲ ಇವತ್ತು ಬೇಡ ಎನ್ನುತ್ತಾನೆ. ಅವನಿಗೆ ಸೋಮಾರಿತನ ಎಂದು ತಿಳಿಯಬೇಡಿ. ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಸಾಗರದಲ್ಲಿ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪಯಣಿಸಿ ಇಲ್ಲಿಯ ದಡಕ್ಕೆ ಬಂದು ಬಡಿಯುವುದುಂಟು. ಕೇರಳದವರು ಕಳ್ಳಕ್ಕಡಲ್ ಎನ್ನುವುದು ಇದನ್ನೇ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಮುನ್ಸೂಚನೆ ಕೊಡುತ್ತದೆ, ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಹೋಟೆಲಿನ ವಿಮರ್ಶೆ ಓದುವ ಮೊಬೈಲಿನಲ್ಲೇ ಅವನ್ನೂ ಓದಿ. ಬಂದರಿನಲ್ಲಿ ಏರಿಸುವ ಚಂಡಮಾರುತದ ಸೂಚನೆ 1ರಿಂದ 11ರವರೆಗೆ ಇದೆ. ಒಂದನೇ ನಂಬರ್ ತಾನೇ ಎಂದು ಹಗುರ ಮಾಡಬೇಡಿ.

ಋತುವಿನ ಲೆಕ್ಕವೂ ಎರಡು ಕರಾವಳಿಗೆ ಎರಡು. ಯಂತ್ರದೋಣಿಗಳ ಮೀನುಗಾರಿಕೆಗೆ ಇಲ್ಲಿ ಪೂರ್ವದಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ ರಜೆ. ಅಲ್ಲಿ ಪಶ್ಚಿಮದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ. ಎರಡೂ ಕಡೆ 61 ದಿನ, ಮೀನು ಮರಿ ಮಾಡಲಿ ಎಂದು. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. ಜೂನಿನಲ್ಲಿ ಟಿಕೆಟ್ ತೆಗೆಸಿಕೊಂಡು ಹೋಗಿ, ದೋಣಿ ಬಿಡಿ ಎಂದು ಅಲ್ಲಿಯವರನ್ನು ಕಾಡಬೇಡಿ.

ಗಾಳ ಹಾಕುವವರಿಗೆ ಎರಡು ಮಾತು. ಅಂಜಲ್ ಮೀನು ಸಿಕ್ಕರೆ ಸಂತೋಷ, ಅಡುಗೆಗೆ ಬೇಕಾದಷ್ಟು ಇಟ್ಟುಕೊಳ್ಳಿ. ಅಂಗೈಯುದ್ದದ ಮರಿ ಸಿಕ್ಕರೆ ಬಿಟ್ಟುಬಿಡಿ. ಬಿಡುವುದಕ್ಕೂ ಕ್ರಮವಿದೆ. ಕೈ ಒದ್ದೆ ಮಾಡಿಕೊಂಡು ಹಿಡಿಯಬೇಕು. ಒಣಗಿದ ಕೈ ತಾಗಿದರೆ ಮೀನಿನ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಲೋಳೆ ಹೋದ ಮೀನಿಗೆ ರೋಗ ಅಂಟುತ್ತದೆ. ಫೋಟೋಕ್ಕೆಂದು ಎತ್ತಿ ಹಿಡಿದು ಬಿಸಿಲಲ್ಲಿ ಒದ್ದಾಡಿಸಬೇಡಿ. ಹವಳ, ಕಡಲಕುದುರೆ, ಕಡಲಸೌತೆ, ಆಮೆ ಎಲ್ಲಕ್ಕೂ 1972ರ ವನ್ಯಜೀವಿ ಕಾಯಿದೆಯ ರಕ್ಷಣೆ ಇದೆ. ಹವಳದ ಚೂರೊಂದನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಂಡರೂ ಅದು ಅಪರಾಧ.

ದ್ವೀಪಕ್ಕೆ ಇಳಿದ ಮೇಲೂ ಹಟ ಬೇಡ. ಸೇಂಟ್ ಮೇರೀಸಿನಲ್ಲಿ ನಿಮ್ಮ ಕಾಲ ಕೆಳಗಿರುವ ಕಂಬದಂಥ ಕಲ್ಲುಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಲಾವಾ ಆರಿ ಸೀಳಿದಾಗ ಆದವು. ಅವುಗಳ ಮೇಲೆ ಹೆಸರು ಕೆತ್ತುವ ಕೈ ನಿಮ್ಮದಾಗದಿರಲಿ. ಗುರುತು ಹಾಕಿದ ಜಾಗ ಬಿಟ್ಟು ಈಜಬೇಡಿ, ಆ ಕಲ್ಲಿನ ಸಂದಿಗೆ ಅಲೆ ಸೆಳೆದರೆ ಹಿಡಿಯಲು ಏನೂ ಸಿಗುವುದಿಲ್ಲ. ಮುರುಡೇಶ್ವರದಿಂದ 19 ಕಿಲೋಮೀಟರ್ ದೂರದ ನೇತ್ರಾಣಿಯಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ಇನ್ನೂ ಹತ್ತಿರ ಒಯ್ಯಿ ಎಂದು ತಂಡೇಲನಿಗೆ ಐನೂರರ ನೋಟು ತೋರಿಸಬೇಡಿ. ಬೆದರಿದ ತಾಯಿಹಕ್ಕಿ ಎದ್ದು ಹೋದರೆ ಮರಿ ಬಿಸಿಲಿಗೆ ಬೇಯುತ್ತದೆ.

ದೋಣಿಯೇ ಬೇಡದ ಕಡೆ ದೋಣಿ ಹತ್ತಬೇಡಿ, ಇದೂ ನೆನಪಿರಲಿ. ಪುಲಿಕಾಟಿನ ರಾಜಹಂಸಗಳನ್ನು ನೋಡಬೇಕಾದರೆ ಚಳಿಗಾಲದಲ್ಲಿ ಸೂಳೂರುಪೇಟೆಯಿಂದ ಶ್ರೀಹರಿಕೋಟೆಗೆ ಹೋಗುವ ದಾರಿ ಸಾಕು. ರಸ್ತೆ ಸರೋವರವನ್ನೇ ದಾಟುತ್ತದೆ. ಅಲ್ಲಿ ದೋಣಿ ಬೇಡವೆನ್ನಲು ಇನ್ನೊಂದು ಕಾರಣವೂ ಇದೆ. ಪಳವೇರ್ಕಾಡಿನ ಮೀನುಗಾರರಲ್ಲಿ ಪಾಡು ಎಂಬ ಹಳೆಯ ಕಟ್ಟಳೆ ಉಂಟು. ಯಾವ ದಿನ ಯಾರು ಎಲ್ಲಿ ಬಲೆ ಕಟ್ಟಬೇಕು ಎಂಬುದನ್ನು ಚೀಟಿ ಎತ್ತಿ, ಸರದಿ ಹಾಕಿ ಹಂಚಿಕೊಳ್ಳುತ್ತಾರೆ. ನಿಮ್ಮ ಮೋಜಿನ ದೋಣಿ ಆ ಬಲೆಯ ಮೇಲೆ ಹಾಯ್ದರೆ ಒಬ್ಬನ ಸರದಿಯೇ ಹಾಳು, ಮತ್ತೆ ಸರದಿ ಬರಲು ಅವನು ಕಾಯಬೇಕು. ಕಡಲಾಮೆಗಂತೂ ಚೆನ್ನೈ ಬಿಟ್ಟು ಹೋಗಬೇಕಾಗಿಯೇ ಇಲ್ಲ. ಜನವರಿಯಿಂದ ಆಚೆಗೆ ಆಲಿವ್ ರಿಡ್ಲೆ ಆಮೆಗಳು ನಮ್ಮ ಮರಳಿಗೇ ಬಂದು ಮೊಟ್ಟೆ ಇಡುತ್ತವೆ. ವಿದ್ಯಾರ್ಥಿಗಳೇ ಕಟ್ಟಿದ ಕಡಲಾಮೆ ಸಂರಕ್ಷಣಾ ಬಳಗ 1980ರ ದಶಕದ ಕೊನೆಯಿಂದ ನೀಲಾಂಕರೈ, ಬೆಸೆಂಟ್ ನಗರದ ದಂಡೆಯಲ್ಲಿ ರಾತ್ರಿ ನಡೆದು ಮೊಟ್ಟೆ ಕಾಯುತ್ತಿದೆ. ಅವರ ಜೊತೆ ನಡೆಯಿರಿ, ಟಾರ್ಚು ಆರಿಸಿ ನಡೆಯಿರಿ. ಬೆಳಕು ಕಂಡರೆ ಮರಿಗಳು ಕಡಲು ಬಿಟ್ಟು ರಸ್ತೆಯ ಕಡೆ ಹರಿಯುತ್ತವೆ.

ಕೊನೆಗೆ ದುಡ್ಡಿನ ಮಾತು, ನಾನು ಲೆಕ್ಕ ಬರೆದವನಲ್ಲವೇ. ಕೆಟ್ಟ ಹವೆಯಲ್ಲೂ ತಂಡೇಲ ಏಕೆ ಹೊರಡುತ್ತಾನೆ ಗೊತ್ತೇ? ಅರ್ಧ ದಾರಿಯಿಂದ ತಿರುಗಿದರೆ ನೀವು ಬಾಡಿಗೆ ವಾಪಸ್ ಕೇಳುತ್ತೀರಿ, ಮೊಬೈಲಿನಲ್ಲಿ ಅವನ ಹೆಸರು ಕೆಡಿಸುತ್ತೀರಿ. ಸುಟ್ಟ ಡೀಸೆಲ್ ಅವನ ತಲೆಗೆ, ಸಾಲದ ಕಂತೂ ಅವನ ತಲೆಗೆ. ಅವನು ಅಲೆ ನೋಡುವ ಬದಲು ನಿಮ್ಮ ಮುಖ ನೋಡತೊಡಗುತ್ತಾನೆ. ಹಣ ಹಿಡಿದು ಹೆದರಿಸಿದ ಗಿರಾಕಿ ತನಗೆ ಬೇಕಾದ ಅಪಾಯವನ್ನು ತಾನೇ ಕೊಂಡ ಹಾಗೆ.

ಚೌಕಾಶಿ ಮಾಡುವ ಕೈ ತುರಿಸಿದರೆ ಬೆಳಗಿನ ಜಾವ ಕಾಸಿಮೇಡಿಗೆ ಹೋಗಿ, ಮೀನಿನ ಬೆಲೆ ಎಷ್ಟು ಬೇಕಾದರೂ ಇಳಿಸಿ. ದೋಣಿ ಗೊತ್ತುಮಾಡುವಾಗ ಮಾತ್ರ ಹತ್ತುವ ಮುಂಚೆಯೇ ತಂಡೇಲನಿಗೆ ಹೇಳಿಬಿಡಿ: "ಅಣ್ಣಾ, ನಿಮಗೆ ಸರಿ ಕಾಣದಿದ್ದರೆ ಎಲ್ಲಿಂದ ಬೇಕಾದರೂ ತಿರುಗಿಸಿ, ನಿಮ್ಮ ಬಾಡಿಗೆ ಪೂರ್ತಿ ನಿಮಗೆ." ಈ ಮಾತು ಹೇಳಲು ನಿಮಗೆ ಮನಸ್ಸಿಲ್ಲದಿದ್ದರೆ, ಮಕ್ಕಳೇ, ಆ ದೋಣಿ ಹತ್ತಬೇಡಿ.