ಚದುರಂಗ ಕೂಟದ ಸ್ವಯಂಸೇವಕರು: ಒಂದು ಭಾಷಾಪಾಠ

2022ರ ಜುಲೈ 28ರಿಂದ ಆಗಸ್ಟ್ 10ರವರೆಗೆ ಚೆನ್ನೈ ಸಮೀಪದ ಮಾಮಲ್ಲಪುರದಲ್ಲಿ 44ನೆಯ ಚದುರಂಗ ಒಲಿಂಪಿಯಾಡ್ ಜರುಗಿತು. ಭಾರತದಲ್ಲಿ ಈ ಕೂಟ ನಡೆದದ್ದು ಅದೇ ಮೊದಲು. ರಷ್ಯಾದಲ್ಲಿ ನಡೆಯಬೇಕಾಗಿದ್ದ ಕೂಟವು ಉಕ್ರೇನ್ ಯುದ್ಧದ ಕಾರಣದಿಂದ ಅಲ್ಲಿಂದ ಸರಿದು, ಕೆಲವೇ ತಿಂಗಳ ಸಿದ್ಧತೆಯಲ್ಲಿ ತಮಿಳುನಾಡಿನಲ್ಲಿ ನೆರವೇರಿತು. ಮುಕ್ತ ವಿಭಾಗದಲ್ಲಿ 188, ಮಹಿಳಾ ವಿಭಾಗದಲ್ಲಿ 162 ತಂಡಗಳು ಆಡಿದವು. ಗೂಡಲೂರಿನಲ್ಲಿ ಮಳೆ ಹಿಡಿದ ಆ ದಿನಗಳಲ್ಲಿ ಕರಾವಳಿಯ ಸೆಕೆಗೆ ಬಂದಿಳಿದ ಅತಿಥಿಗಳನ್ನು ಎದುರುಗೊಳ್ಳಲು, ದಾರಿ ತೋರಲು ಸ್ವಯಂಸೇವಕರು ಬೇಕಾದರು. ಈ ಪಾಠದ ವಿಷಯ ಗೆದ್ದವರದಲ್ಲ, ದಾರಿ ತೋರಿದವರದು.

ಸ್ವಯಂಸೇವಕನ ಕೆಲಸದ ಬಹುಪಾಲು ಮಾತಿನದು. ಕೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳುವುದು, ತಾನು ಅರಿತದ್ದನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳುವುದು, ಅನಂತರವೇ ಉತ್ತರಿಸುವುದು. ಮಾತಾಡದಿರುವುದೂ ಅದರಷ್ಟೇ ಕಷ್ಟದ ಕೆಲಸ. ಆಟಗಾರನೊಬ್ಬನ ಗಡಿಯಾರದ ಸಮಯ ಮುಗಿದದ್ದು ಪಕ್ಕದಲ್ಲಿ ನಿಂತವನ ಕಣ್ಣಿಗೆ ಬಿದ್ದರೂ ಅವನು ಆಟಗಾರರಿಗೆ ಅದನ್ನು ಸೂಚಿಸುವಂತಿಲ್ಲ. ಸಹಾಯಮಾಡಬೇಕೆಂಬ ಉತ್ಸಾಹವನ್ನು ತಡೆಯುವುದು ಮಕ್ಕಳಿಗಿಂತ ದೊಡ್ಡವರಿಗೇ ಕಠಿಣವೆನ್ನಬೇಕು.

ಊಟಿ, ಮೈಸೂರು, ಕೇರಳಗಳ ದಾರಿಗಳು ಕೂಡುವ ಗೂಡಲೂರಿನ ಮಕ್ಕಳಿಗೆ ಈ ಕೌಶಲದ ಮೊದಲ ಹಂತ ಬೀದಿಯಲ್ಲೇ ದೊರೆತಿರುತ್ತದೆ. ಕನ್ನಡ, ತಮಿಳು, ಮಲಯಾಳಗಳಲ್ಲದೆ ಬಡಗ, ಪಣಿಯ, ಕುರುಂಬ ನುಡಿಗಳೂ ಅಲ್ಲಿ ಕಿವಿಗೆ ಬೀಳುತ್ತವೆ. ಚದುರಂಗದ ಕಾಯಿಗಳನ್ನೇ ನೋಡಬಹುದು. ಕನ್ನಡದ ಮನೆಯಲ್ಲಿ ‘ಆನೆ’ ನೇರವಾಗಿ ನಡೆಯುತ್ತದೆ, ‘ಒಂಟೆ’ ಓರೆಯಾಗಿ. ಮಲಯಾಳದ ಮನೆಯಲ್ಲಿ ಓರೆಯಾಗಿ ನಡೆಯುವುದೇ ‘ಆನ’. ನೇರ ನಡೆಯುವುದು ‘ತೇರ್’. ಕನ್ನಡದ ‘ಮಂತ್ರಿ’ ಎಲ್ಲ ದಿಕ್ಕಿಗೂ ಸಾಗುವ ಬಲಿಷ್ಠ ಕಾಯಿ. ತಮಿಳಿನಲ್ಲಿ ‘ಮಂತಿರಿ’ ಎಂದರೆ ಓರೆಯಾಗಿ ಸಾಗುವ ಕಾಯಿ. ಕುದುರೆಯೊಂದು ಮಾತ್ರ ಮೂರು ನುಡಿಗಳಲ್ಲೂ ಕುದುರೆಯೇ. ಒಲಿಂಪಿಯಾಡ್‌ನ ಲಾಂಛನವೂ ಪಂಚೆಯುಟ್ಟ ಕುದುರೆಯಾಗಿತ್ತು. ಅದರ ಹೆಸರು ‘ತಂಬಿ’, ಎಂದರೆ ತಮ್ಮ.

‘ಆನೆಯನ್ನು ನಡೆಸು’ ಎಂದಾಗ ಓರೆಯಾಗಿ ನಡೆಸಿದ ಮಗುವಿಗೆ ಆಟ ಬಾರದೆಂದು ಶಿಕ್ಷಕರು ತೀರ್ಮಾನಿಸಿದರೆ, ಮನೆಯ ಮಾತನ್ನು ತರಗತಿಗೆ ತರಬಾರದೆಂದು ಆ ಮಗು ಕಲಿಯುತ್ತದೆ. ಹಾಗೆ ಬಾಯಿ ಮುಚ್ಚಿದ ಮಗು ನಾಳೆ ಅಪರಿಚಿತನೊಬ್ಬನಿಗೆ ದಾರಿ ಹೇಳಲೂ ಹಿಂಜರಿಯಬಹುದು. ‘ನಿಮ್ಮ ಮನೆಯಲ್ಲಿ ಇದನ್ನು ಏನೆನ್ನುತ್ತಾರೆ?’ ಎಂಬ ಪ್ರಶ್ನೆ ಮೊದಲು ಬರಬೇಕು. ತಿದ್ದುವ ಕೆಲಸ ಆಮೇಲಿನದು.

ಚಟುವಟಿಕೆ: ಮೂವರ ಗುಂಪುಗಳನ್ನು ಮಾಡಿಸಿರಿ. ಒಬ್ಬರು ಅತಿಥಿ, ಒಬ್ಬರು ಸ್ವಯಂಸೇವಕ, ಇನ್ನೊಬ್ಬರು ವೀಕ್ಷಕ. ಅತಿಥಿಯು ತನ್ನ ಮನೆಮಾತಿನಲ್ಲಿ ಅಥವಾ ಸನ್ನೆಯಲ್ಲಿ ಮಾತ್ರ ಬಸ್ ನಿಲ್ದಾಣ, ಕುಡಿಯುವ ನೀರು ಅಥವಾ ಔಷಧಾಲಯವನ್ನು ವಿಚಾರಿಸಲಿ. ಸ್ವಯಂಸೇವಕನು ಪ್ರಶ್ನೆಯನ್ನು ಮರಳಿ ಹೇಳಿ, ಅತಿಥಿ ಹೌದೆಂದ ಮೇಲೆಯೇ ಉತ್ತರಿಸಬೇಕು. ವೀಕ್ಷಕನು ನಡುವೆ ಬಾಯಿ ಹಾಕುವಂತಿಲ್ಲ. ಕಂಡದ್ದನ್ನು ಬರೆದಿಟ್ಟುಕೊಂಡು ಕೊನೆಯಲ್ಲಿ ಓದಬೇಕು. ಪಾತ್ರಗಳನ್ನು ಬದಲಿಸುತ್ತ ಮೂರು ಸುತ್ತು ನಡೆಸಿರಿ. ಸಾಮಾನ್ಯವಾಗಿ ಹಿಂದಿನ ಸಾಲಿನಲ್ಲಿ ಮೌನವಾಗಿರುವ ಮಗುವಿಗೆ ಮೊದಲ ಸುತ್ತಿನಲ್ಲಿ ಅತಿಥಿಯ ಪಾತ್ರ ಕೊಡುವುದು ಲೇಸು. ಆಗ ಉಳಿದವರು ಅದರ ನುಡಿಗೆ ಕಿವಿಗೊಡಲೇಬೇಕಾಗುತ್ತದೆ.